ಒಂಬತ್ತು ಪಿನ್ನಿನ ಪ್ಲಗ್ಗು

ಹತ್ತಿಮತ್ತೂರು, ತಾ. ಸವಣೂರು
೪-೭-೧೯೮೮

ಹುಬ್ಬಳ್ಳಿಯ ರೇಡಿಯೊ ಮತ್ತು ಕಂಪ್ಯೂಟರ್ ಸಾಮಾನಿನ ವ್ಯಾಪಾರಿ ಶ್ರೀ ಖಾದರಸಾಬರಿಗೆ,

ನಾನು ಹತ್ತಿಮತ್ತೂರಿನ ದಿವಂಗತ ಮಲ್ಲೇಶಪ್ಪನವರ ಪತ್ನಿ ಶಾರವ್ವ. ಗಿರಣಿ ಶಾರವ್ವ ಎಂದರೆ ಸವಣೂರು ಬಸ್ಸಿನ ಕಂಡಕ್ಟರನೂ ನನ್ನ ಮನೆ ತೋರಿಸುತ್ತಾನೆ. ಮ್ಯಾಟ್ರಿಕ್ ತನಕ ಓದಿದ್ದೇನೆ. ಯಜಮಾನರು ತೀರಿಕೊಂಡ ಮರುವರ್ಷ, ಅರವತ್ತೊಂದರಲ್ಲಿ, ಈ ಊರಿಗೆ ಮೊದಲ ಹಿಟ್ಟಿನ ಗಿರಣಿ ಹಾಕಿದವಳು ನಾನು. ಎಂಜಿನ್ನು ಒಂದು ಕಡೆ, ಪಟ್ಟಾ ಒಂದು ಕಡೆ, ಕಲ್ಲು ಹಾನಗಲ್ಲಿನಲ್ಲಿ, ಹೀಗೆ ಒಂದೊಂದೇ ಸಾಮಾನು ನಾನೇ ನಿಂತು ಆರಿಸಿ ತಂದು ಕೂಡಿಸಿದ್ದು. ಮೇಲುಗಲ್ಲು ಒಂದು ಬಂಡೆಯದು, ಕೆಳಗಲ್ಲು ಇನ್ನೊಂದು ಬಂಡೆಯದು ಕೊಟ್ಟು ಏಮಾರಿಸಲು ನೋಡಿದವನ ಬಾಗಿಲಿಗೇ ಆ ಎರಡೂ ಕಲ್ಲು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ಇಳಿಸಿ ಬಂದಿದ್ದೇನೆ. ಗಿರಣಿಯ ಕಲ್ಲು ಜೋಡಿಯಾಗಿ ಒಂದೇ ಬಂಡೆಯಿಂದ ಬರಬೇಕು. ಇಲ್ಲದಿದ್ದರೆ ಮೆತ್ತನೆಯದು ಮೊದಲು ಸವೆದು ಹಿಟ್ಟಿನಲ್ಲಿ ಹರಳು ಬೀಳುತ್ತದೆ. ಇಷ್ಟೆಲ್ಲ ಬರೆಯುವುದು ಯಾಕೆಂದರೆ, ಯಂತ್ರದ ವ್ಯವಹಾರ ನನಗೆ ಹೊಸದಲ್ಲ ಎಂದು ನಿಮಗೆ ಮೊದಲೇ ತಿಳಿದಿರಲಿ.

ನನ್ನ ಮಗ ಹೂವಪ್ಪನ ಮಗಳು ನೀಲವ್ವ ದಾವಣಗೆರೆಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳಿಗೊಂದು ಕಂಪ್ಯೂಟರು ಬೇಕಾಗಿದೆ. ತಯಾರಾದದ್ದು ಕೊಂಡರೆ ಬಹಳ ತುಟ್ಟಿ, ಬಿಡಿ ಸಾಮಾನು ತಂದು ಕೂಡಿಸಿಕೊಳ್ಳಬಹುದು ಎಂದು ಅವಳ ಮಾಸ್ತರರು ಹೇಳಿ ನಿಮ್ಮ ವಿಳಾಸ ಕೊಟ್ಟಿದ್ದಾರೆ. ನಿಮ್ಮ ತಂದೆ ಸವಣೂರು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು ಎಂದು ಕೇಳಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ನೀಲವ್ವ ಬರೆದುಕೊಟ್ಟ ಯಾದಿ ಇದರ ಜತೆ ಇದೆ. ನಾಲ್ಕು ಸಲ ಓದಿದೆ. ಗಿರಣಿಯಲ್ಲಿ ಮೋಟಾರು ಪಟ್ಟಾ ಎಳೆಯುತ್ತದೆ, ಪಟ್ಟಾ ಕಲ್ಲು ತಿರುಗಿಸುತ್ತದೆ, ಜೋಳ ಮೇಲಿಂದ ಬಿದ್ದು ಹಿಟ್ಟು ಕೆಳಗೆ ಬರುತ್ತದೆ. ಇದರಲ್ಲಿ ತಿರುಗುವುದು ಯಾವುದು? ಮೇಲಿಂದ ಏನು ಹಾಕಬೇಕು? ಆರುನೂರ ನಲವತ್ತು ಕೆ ನೆನಪು ಎಂದು ಬರೆದಿದ್ದಾಳೆ. ಅದನ್ನು ತೂಕದ ಮೇಲೆ ಕೊಡುತ್ತೀರೋ ಎಣಿಸಿ ಕೊಡುತ್ತೀರೋ? ಗುಂಡಿಗಳ ಹಲಗೆಗೆ ಎಂಬತ್ತಮೂರು ಗುಂಡಿ ಅಂತೆ. ಕನ್ನಡಕ್ಕೆ ಐವತ್ತು ಅಕ್ಷರ ಸಾಕು. ಉಳಿದ ಗುಂಡಿ ನಮಗೆ ಯಾಕೆ?

ಪ್ರತಿಯೊಂದಕ್ಕೂ ಉತ್ತರ ಬರೆಯಿರಿ. ಖಾರ ಕುಟ್ಟುವ ಯಂತ್ರ ಹಾಕಲೆಂದು ಎತ್ತಿಟ್ಟ ಹಣವನ್ನು ಇದಕ್ಕೆ ತೆಗೆಯುತ್ತಿದ್ದೇನೆ.

ಶಾರವ್ವ ಮಲ್ಲೇಶಪ್ಪ


ಹುಬ್ಬಳ್ಳಿ
೧೩-೭-೧೯೮೮

ಶಾರವ್ವ ತಾಯಿಯವರಿಗೆ ಖಾದರಸಾಬನ ಸಲಾಮು.

ನಿಮ್ಮ ಪತ್ರ ಅಂಗಡಿಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಸಿದೆ. ಇಂಥ ಗಿರಾಕಿ ಇದುವರೆಗೆ ಬಂದಿರಲಿಲ್ಲ.

ತಾಯಿ, ಇದರಲ್ಲಿ ತಿರುಗುವ ಸಾಮಾನು ಕಡಿಮೆ. ಗಾಳಿಗೆ ಒಂದು ಸಣ್ಣ ಫ್ಯಾನು, ಮತ್ತೆ ಫ್ಲಾಪಿ ಎಂಬ ತೆಳ್ಳನೆಯ ತಟ್ಟೆ. ಗುಂಡಿ ಒತ್ತಿ ಒಳಗೆ ಹಾಕಿದ್ದು ಪರದೆಯ ಮೇಲೆ ಕಾಣುತ್ತದೆ. ನಡುವೆ ಒಂದು ದೊಡ್ಡ ಬೋರ್ಡು, ಅದರ ಮೇಲೆ ಸಣ್ಣ ಸಣ್ಣ ಕಾರ್ಡು ಚುಚ್ಚುವುದು. ಪರದೆಗೆ ಚಿತ್ರ ಕಳಿಸುವುದು ಒಂದು ಕಾರ್ಡಿನ ಕೆಲಸ. ನೆನಪು ಎಂದರೆ ಕರಿ ಚಿಪ್ಪು, ಎಣಿಸಿ ಕೊಡುತ್ತೇವೆ. ಗುಂಡಿ ಮಾತ್ರ ಕಡಿಮೆ ಮಾಡಿಕೊಡಲು ಬರುವುದಿಲ್ಲ, ಅದು ಹಾಗೆಯೇ ಬರುತ್ತದೆ.

ನೀಲಾಬಾಯಿಯವರ ಯಾದಿ ತಿಳಿದವರು ಬರೆದ ಯಾದಿ. ಅದರಂತೆ ಮುಂಬಯಿಯಿಂದ ತರಿಸುತ್ತೇನೆ. ದಸರೆಯೊಳಗೆ ಬಂದೀತು.

ನಿಮ್ಮವ,
ಖಾದರಸಾಬ


ಹತ್ತಿಮತ್ತೂರು
೨೪-೭-೧೯೮೮

ಚಿ. ನೀಲವ್ವನಿಗೆ ಆಶೀರ್ವಾದ.

ಖಾದರಸಾಬರ ಉತ್ತರ ಬಂತು. ಮನುಷ್ಯ ಸಭ್ಯ. ಆದರೆ ನೀನು ಒಂದನ್ನು ಮರೆತಿದ್ದೀ, ಅವರೂ ಮರೆತಿದ್ದಾರೆ. ಕರೆಂಟು ಕೆಳಗೆ ಬಿದ್ದಾಗ ಏನು ಮಾಡುವುದು? ನಮ್ಮ ಗಿರಣಿಯ ಮೋಟಾರು ಎರಡು ಸಲ ಸುಟ್ಟದ್ದು ಅದರಿಂದಲೇ. ಸ್ಟೆಬಿಲೈಜರ್ ಹಾಕಿ ಎಂದು ಅವರಿಗೆ ಬರೆದೆ. "ನನಗೇ ಹೊಳೆಯಬೇಕಿತ್ತು ತಾಯಿ" ಎಂದು ಕಾರ್ಡು ಬರೆದಿದ್ದಾರೆ. ಇಂಜಿನಿಯರಿಂಗು ಓದದಿದ್ದರೂ ನನಗೂ ನಾಲ್ಕು ವಿಷಯ ತಿಳಿಯುತ್ತವೆ.

ಈಗ ಇನ್ನೊಂದು. ನಿನ್ನ ಯಾದಿಯಲ್ಲಿ ಪರದೆ ಒಂದೇ ಬಣ್ಣದ್ದು, ಕರಿಯ ಮೇಲೆ ಹಸಿರು, ಎಂದಿದೆ. ಚಿಕ್ಕೇರೂರಿನಲ್ಲಿ ನಿನ್ನ ಅತ್ತೆಯ ಮನೆಗೇ ಬಣ್ಣದ ಟೀವಿ ಬಂದಿದೆ. ನೀನು ಯಾಕೆ ಕರಿಯದು ಕೇಳುತ್ತೀ? ಖರ್ಚಿಗೆ ಅಂಜಿ ಬರೆದಿದ್ದರೆ ಹಾಗೆಂದು ತಿಳಿಸು. ನಮ್ಮ ಮನೆಯಲ್ಲಿ ಯಾರೂ ಅರ್ಧ ಸಾಮಾನು ತಂದಿಲ್ಲ.

ಮನೆಯ ನಿಯಮ ನಿನಗೆ ಗೊತ್ತು. ನನ್ನ ಮುಂದೆ ಬೆಳೆದ ಯಾರಿಗೂ ಎರಡನೇ ಸಲ ಪರೀಕ್ಷೆಗೆ ಕೂರಲು ಬಿಟ್ಟಿಲ್ಲ. ನಿನ್ನ ಅಪ್ಪ ಅರವತ್ತನಾಲ್ಕರಲ್ಲಿ ಧಾರವಾಡದಲ್ಲಿ ಒಂದು ವಿಷಯ ನಪಾಸಾದ. ಮರುದಿನವೇ ಅವನ ಟ್ರಂಕು ಮನೆಗೆ ತರಿಸಿದೆ, ಅದರ ಮರುದಿನ ಅವನು ಗಿರಣಿಯಲ್ಲಿದ್ದ. ಇಂದಿನವರೆಗೂ ಒಂದು ಮಾತು ತಿರುಗಿ ಆಡಿಲ್ಲ. ಹೆಣ್ಣುಮಗಳು ಎಂದು ನಿನಗೆ ಬೇರೆ ನಿಯಮ ಇಲ್ಲ. ಅದಕ್ಕೇ ಸಾಮಾನು ಸರಿಯಾಗಿರಬೇಕು ಎನ್ನುತ್ತಿದ್ದೇನೆ.

ನಿನ್ನ ಆಯಿ,
ಶಾರವ್ವ


ದಾವಣಗೆರೆ
೫-೮-೧೯೮೮

ಆಯಿಗೆ ನೀಲಾ ಮಾಡುವ ನಮಸ್ಕಾರಗಳು.

ಖರ್ಚಿಗೆ ಅಂಜಿ ಬರೆದದ್ದಲ್ಲ ಆಯಿ. ನನ್ನ ಪ್ರಾಜೆಕ್ಟ್ ಎಂದರೆ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಚುಕ್ಕೆ ಮಾತ್ರ ಗೊತ್ತು. ನೀನು ಅಂಗಳದಲ್ಲಿ ಚುಕ್ಕೆ ಇಟ್ಟು ರಂಗೋಲಿ ಕೂಡಿಸುವಂತೆ, ನಾನು ಚುಕ್ಕೆ ಇಟ್ಟು ಕ, ಖ ಕೂಡಿಸಬೇಕು. ಒತ್ತಕ್ಷರಕ್ಕೆ ಸಣ್ಣ ಚುಕ್ಕೆಗಳು ಒತ್ತಾಗಿ ಬೇಕು. ಹರ್ಕ್ಯುಲಿಸ್ ಎಂಬ ಕಾರ್ಡು ಮತ್ತು ಕರಿಯ ಪರದೆ ಸೇರಿದರೆ ಅಷ್ಟು ಸಣ್ಣ ಚುಕ್ಕೆ ಬರುತ್ತವೆ. ನಮ್ಮ ಕಾಲೇಜಿನ ಯಂತ್ರಗಳಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಚುಕ್ಕೆ ಇಡಲು ಆಗುವುದಿಲ್ಲ. ಅದಕ್ಕೇ ನನ್ನದೇ ಆದದ್ದು ಬೇಕು ಎಂದದ್ದು. ಏಪ್ರಿಲಿನಲ್ಲಿ ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕು.

ನಾನು ಬಾಡಿಗೆಗಿರುವ ಮನೆಯ ಚಮನಬಿ ಚಾಚಿ ಮೇಜು ಇಡಲು ಕಿಟಕಿಯ ಬಳಿ ಜಾಗ ಮಾಡಿಕೊಟ್ಟಿದ್ದಾರೆ. ಮೊದಲು ಮೂಡುವ ಹೆಸರು ನಿನ್ನದೇ. ವ-ಗೆ ವ ಒತ್ತು ಬಹಳ ಕಷ್ಟ.

ನಿನ್ನ,
ನೀಲಾ


ಹತ್ತಿಮತ್ತೂರು
೨-೯-೧೯೮೮

ಶ್ರೀ ಖಾದರಸಾಬರಿಗೆ,

ಯಾದಿಯಲ್ಲಿ ಒಂದು ಬದಲಾವಣೆ. ಕರಿಯ ಪರದೆ ಬೇಡ. ಬಣ್ಣದ್ದು ಕಳಿಸಿರಿ.

ಕಾರಣ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ನಿನ್ನೆ ಗಿರಣಿಯ ಸರದಿಯಲ್ಲಿ ನಮ್ಮ ಓಣಿಯ ಅಡಿವೆವ್ವ ಹತ್ತು ಜನರ ಮುಂದೆ, "ಏನ್ ಶಾರವ್ವಾ, ಮಮ್ಮಗಳಿಗೆ ಕರೇ ಟೀವಿ ಕೊಡಸಾಕತ್ತೀಯಂತಲ್ಲ, ಗಿರಣಿಯಾಗ ಹಿಟ್ಟ ಕಡಿಮಿ ಬೀಳಾಕತ್ತೈತೇನ?" ಎಂದಳು. "ಟೀವಿ ಅಲ್ಲ ಅದು, ಕಂಪ್ಯೂಟರು" ಎಂದೆ. "ಎಲ್ಲಾ ಪೆಟಗಿನ ಬಿಡವ್ವ, ನೋಡೂದು ಮುಂದಿಂದನ" ಎಂದು ನಕ್ಕಳು. ಉಳಿದವರೂ ನಕ್ಕರು. ಇಪ್ಪತ್ತೇಳು ವರ್ಷದಲ್ಲಿ ನನ್ನ ಗಿರಣಿಯಲ್ಲಿ ನಿಂತು ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ಹುಡುಗಿ ಚುಕ್ಕೆ ಸಣ್ಣದು ದೊಡ್ಡದು ಎಂದು ಏನೋ ಬರೆದಿದ್ದಾಳೆ. ಖರ್ಚು ಉಳಿಸಲು ಹುಡುಕಿದ ಕಾರಣ ಅದು, ನನಗೆ ಗೊತ್ತಾಗುತ್ತದೆ. ಬಣ್ಣದ ಪರದೆಯಲ್ಲಿ ಕರಿಯದೂ ಕಾಣುತ್ತದಲ್ಲವೇ. ಅವಳಿಗೆ ತಿಳಿಸಬೇಡಿ. ಪೆಟ್ಟಿಗೆ ತೆರೆದಾಗಲೇ ನೋಡಲಿ.

ಶಾರವ್ವ ಮಲ್ಲೇಶಪ್ಪ


ಅಂಚೆ ಕಾರ್ಡು, ಹುಬ್ಬಳ್ಳಿ
೧೦-೯-೧೯೮೮

ಶಾರವ್ವ ತಾಯಿಯವರಿಗೆ ಸಲಾಮು. ಬಣ್ಣದ ಪರದೆಗೆ ಕಾರ್ಡೂ ಬೇರೆ ಬೇಕಾಗುತ್ತದೆ. ಎರಡೂ ಪರದೆಗೆ ಒಂದೇ ಥರದ ಒಂಬತ್ತು ಪಿನ್ನಿನ ಪ್ಲಗ್ಗು, ಹಚ್ಚಿದರೆ ಕೂತುಬಿಡುತ್ತದೆ, ಆದರೆ ಒಳಗಿನ ಲೆಕ್ಕ ಬೇರೆ. ನೀಲಾಬಾಯಿಯವರನ್ನು ಒಂದು ಮಾತು ಕೇಳಲೇ? ಖಾದರಸಾಬ


ಹತ್ತಿಮತ್ತೂರು
೧೫-೯-೧೯೮೮

ಶ್ರೀ ಖಾದರಸಾಬರಿಗೆ,

ಕೇಳಬೇಡಿ. ಒಂದು ಸಾಮಾನು ಬದಲಿಸಿದರೆ ಅದರ ಬಾಲ ಹಿಡಿದು ಇನ್ನೊಂದು ಮಾರುವುದು ಎಲ್ಲ ಅಂಗಡಿಯವರ ರೂಢಿ. ಎಂಜಿನ್ನು ಕೊಟ್ಟವನೂ ಹೀಗೆಯೇ ಮೂರು ನಟ್ಟು ಹೆಚ್ಚು ಮಾರಿದ್ದ. ನೀವು ಗಡಿಯಾರದವರ ಮಗ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಪ್ಲಗ್ಗು ಕೂರುತ್ತದೆ ಎಂದು ನೀವೇ ಬರೆದಿದ್ದೀರಿ. ಕೂರುವುದಾದರೆ ಸಾಕು. ನಾನು ಹೇಳಿದ್ದನ್ನು ಮಾತ್ರ ಕಳಿಸಿರಿ.

ಶಾರವ್ವ ಮಲ್ಲೇಶಪ್ಪ


ದಾವಣಗೆರೆ
೨೭-೧೦-೧೯೮೮

ಆಯಿಗೆ ನಮಸ್ಕಾರಗಳು.

ಸಾಮಾನು ಎಲ್ಲ ಮುಟ್ಟಿತು. ಒಂದೂ ಒಡೆದಿಲ್ಲ. ಪರದೆ ಬಹಳ ದೊಡ್ಡದಾಗಿದೆ, ಚಮನಬಿ ಚಾಚಿ ಅದಕ್ಕೆ ದೃಷ್ಟಿ ತೆಗೆದರು. ಸ್ಟೆಬಿಲೈಜರ್ ಹಾಕಿಸಿದ್ದು ಒಳ್ಳೆಯದಾಯಿತು. ನೀನು ಇಷ್ಟು ಮಾಡಿದ್ದೀ. ಓದುವುದು ಬಹಳ ಇದೆ.

ನೀಲಾ


ಹತ್ತಿಮತ್ತೂರು
೨೦-೧೧-೧೯೮೮

ಚಿ. ನೀಲವ್ವನಿಗೆ ಆಶೀರ್ವಾದ.

ದೀಪಾವಳಿಗೆ ನೀನು ಬರಲಿಲ್ಲ. ಓದು ಇದ್ದರೆ ಬರಬೇಡ, ತಪ್ಪಿಲ್ಲ. ಆದರೆ ನಿನ್ನ ಪತ್ರ ನನಗೆ ತಿಳಿಯಲಿಲ್ಲ. ಮೊದಲೆಲ್ಲ ಇನ್‌ಲ್ಯಾಂಡ್ ಪತ್ರದ ಮೂರೂ ಮಗ್ಗಲು ತುಂಬಿಸಿ, ಅಂಟಿನ ಅಂಚಿನ ಮೇಲೂ ಬರೆಯುತ್ತಿದ್ದೆ. ಈಗ ಆರು ಸಾಲು. ಬಣ್ಣ ಹೇಗಿದೆ ಎಂದು ಒಂದು ಶಬ್ದ ಇಲ್ಲ. ಸಂತೋಷವಾಗಿದೆ ಎಂದೂ ಇಲ್ಲ, ಇಲ್ಲವೆಂದೂ ಇಲ್ಲ. ನಿನ್ನ ಅಪ್ಪನಿಗೆ ತೋರಿಸಿದೆ. ಓದಿ, ಮಡಚಿ, "ಅಕಿ ಕೆಲಸದಾಗ ಇದ್ದಾಳ ಬಿಡವ್ವ" ಎಂದ. ಅವನ ಮಾತಿನಿಂದಲೂ ನನಗೆ ಏನೂ ತಿಳಿಯಲಿಲ್ಲ.

ಹಾನಗಲ್ಲಿನ ಭರಮಪ್ಪ ಕಲ್ಲಿಗೆ ಟಾಕಿ ಹಾಕಲು ಬಂದಿದ್ದ. ಎರಡು ದಿನ ಉಳಿ ಬಡಿದು ಹಲ್ಲು ಎಬ್ಬಿಸಿದ್ದಾನೆ. ಅವನ ಮುಂದೆ ನಿನ್ನ ಕಂಪ್ಯೂಟರಿನ ವಿಷಯ ಹೇಳಿದೆ. "ಕಲ್ಲಿಲ್ಲದ ಯಂತ್ರ ಏನ್ ಬೀಸ್ತೈತ್ರಿ?" ಎಂದ. "ಅಕ್ಷರ ಬೀಸ್ತೈತಿ" ಎಂದೆ. ಸರಿ ಹೇಳಿದೆನೋ ಇಲ್ಲವೋ ತಿಳಿಯದು. ನನ್ನ ಹೆಸರು ಮೂಡಿದ ಒಂದು ಕಾಗದ ಕಳಿಸು. ಅಡಿವೆವ್ವನಿಗೆ ತೋರಿಸಬೇಕು.

ನಿನ್ನ ಆಯಿ,
ಶಾರವ್ವ


ದಾವಣಗೆರೆ
೧೮-೧-೧೯೮೯

ಆಯಿಗೆ ನಮಸ್ಕಾರ. ಕಾಗದದ ಮೇಲೆ ಮೂಡಿಸುವ ಪ್ರಿಂಟರು ನಮ್ಮ ಯಾದಿಯಲ್ಲಿ ಇರಲಿಲ್ಲ. ಆದ್ದರಿಂದ ಕಳಿಸಲು ಆಗುವುದಿಲ್ಲ. ನೀನು ಕಳಿಸಿದ ಎಳ್ಳುಬೆಲ್ಲ ಮುಟ್ಟಿತು. ಆರೋಗ್ಯವಾಗಿದ್ದೇನೆ. ನೀಲಾ


ಹತ್ತಿಮತ್ತೂರು
೩೦-೧-೧೯೮೯

ನೀಲವ್ವ,

ನೀನು ಆರೋಗ್ಯವಾಗಿದ್ದೀಯೇ ಎಂದು ನಾನು ಕೇಳಿರಲಿಲ್ಲ. ಕೇಳದಿದ್ದುದಕ್ಕೆ ಉತ್ತರ ಬಂದಿದೆ, ಕೇಳಿದ್ದಕ್ಕೆ ಬಂದಿಲ್ಲ.

ನಿನ್ನ ಅಕ್ಷರವೂ ಬದಲಾಗಿದೆ. ಒತ್ತಿ ಬರೆಯುವ ಹುಡುಗಿ ಈಗ ಮೇಲೆ ಮೇಲೆ ಬರೆಯುತ್ತೀ. ಯಾರ ಮೇಲಾದರೂ ಸಿಟ್ಟಿದೆಯೇ? ನನ್ನ ಮೇಲೆ ಇರಲು ಕಾರಣವಿಲ್ಲ. ಕೊಡಬೇಕಾದ್ದಕ್ಕಿಂತ ಒಂದು ಕೈ ಹೆಚ್ಚೇ ಕೊಟ್ಟಿದ್ದೇನೆ. ಹಾಗಾದರೆ ಯಾರ ಮೇಲೆ?

ಶಾರವ್ವ


ಹುಬ್ಬಳ್ಳಿ
೨-೪-೧೯೮೯

ಶಾರವ್ವ ತಾಯಿಯವರಿಗೆ ಖಾದರಸಾಬನ ಸಲಾಮು.

ಈ ಪತ್ರ ಬರೆಯಬಾರದೆಂದು ನೀಲಾಬಾಯಿ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮಾತು ಮುರಿಯುತ್ತಿದ್ದೇನೆ. ನನಗೂ ಹೆಣ್ಣುಮಕ್ಕಳಿದ್ದಾರೆ.

ಹೋದ ವಾರ ಬೇರೆ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದೆ. ಯಂತ್ರ ಹೇಗೆ ನಡೆದಿದೆ ನೋಡೋಣವೆಂದು ಚಮನಬಿಯವರ ಮನೆಗೆ ಹೋದೆ. ಪರದೆಗೆ ಚಾದರ ಹೊದಿಸಿ ಮೂಲೆಯಲ್ಲಿ ಇಟ್ಟಿತ್ತು. ಮೇಲೆ ಉಪ್ಪಿನಕಾಯಿ ಭರಣಿ. ಬಂದ ದಿನವೇ ಹಚ್ಚಿದ್ದಾರೆ. ಯಾದಿಯಲ್ಲಿ ಇದ್ದದ್ದು ಬೇರೆ ಪರದೆ ಎಂದು ಅವರಿಗೆ ಕಂಡಿತ್ತು. ಆದರೆ ಆಯಿ ಅಂಗಡಿಯವರನ್ನು ಕೇಳಿಯೇ ಕಳಿಸಿರುತ್ತಾಳೆ ಎಂದುಕೊಂಡರು. ಪ್ಲಗ್ಗು ಕೂತಿತು. ಪರದೆಯ ಮೇಲೆ ಗೆರೆಗಳು ಓಡಿದವು, ಕೀರಲು ಸದ್ದು ಬಂತು, ಸುಟ್ಟ ವಾಸನೆ ಬಂತು. ಅಷ್ಟೇ. ಐದು ತಿಂಗಳಿಂದ ಹಾಗೆಯೇ ಇದೆ.

"ನನಗ್ಯಾಕ ಬರೀಲಿಲ್ಲವಾ?" ಎಂದು ಕೇಳಿದೆ. "ಬದಲಿ ತರಸಬೇಕಂದ್ರ ಆಯಿಗೆ ಹೇಳಬೇಕಲ್ರಿ ಚಾಚಾ. ನೀನ ತಪ್ಪ ಮಾಡೀದಿ ಅಂತ ಆಕಿಗೆ ಹೆಂಗ ಹೇಳ್ಲಿ? ನಮ್ಮ ಮನ್ಯಾಗ ಯಾರೂ ಹೇಳಿಲ್ಲ" ಎಂದರು. ಬೆಳಿಗ್ಗೆ ಕಾಲೇಜಿನ ಯಂತ್ರದ ಮೇಲೆ ಆದಷ್ಟು ಮಾಡುತ್ತಾರೆ, ಉಳಿದದ್ದು ಚೌಕುಳಿ ಕಾಗದದ ಮೇಲೆ ಚುಕ್ಕೆ ಇಟ್ಟು ಬರೆದಿದ್ದಾರೆ. ಕಾಗದಗಳ ಕಟ್ಟು ನೋಡಿದೆ, ತಾಯಿ. ಗೋದಿ ಚೀಲದಷ್ಟು ದಪ್ಪ ಇದೆ.

ನಾನೂ ತಪ್ಪುಗಾರ. ತಿಳಿದವನು ನಾನು. ಗಿರಾಕಿ ಗದರಿಸಿದರೆಂದು ಬಾಯಿ ಮುಚ್ಚಿಕೊಂಡು ಕಳಿಸಿದೆ.

ಖಾದರಸಾಬ


ದಾವಣಗೆರೆ
೧೧-೪-೧೯೮೯

ಆಯಿಗೆ ನೀಲಾ ಮಾಡುವ ನಮಸ್ಕಾರಗಳು.

ಪ್ರಾಜೆಕ್ಟಿನಲ್ಲಿ ನಪಾಸಾಗಿದ್ದೇನೆ. ಚೌಕುಳಿ ಕಾಗದ ತೋರಿಸಿದೆ. ಪರೀಕ್ಷಕರು ಒಂದೊಂದನ್ನೂ ನೋಡಿದರು, ಚೆನ್ನಾಗಿದೆ ಎಂದರು, ಯಂತ್ರದಲ್ಲಿ ತೋರಿಸು ಎಂದರು. ತೋರಿಸಲು ಇರಲಿಲ್ಲ. ಉಳಿದ ವಿಷಯಗಳು ಪಾಸಾಗುತ್ತವೆ. ಇದಕ್ಕೆ ಮತ್ತೆ ಅಕ್ಟೋಬರಿನಲ್ಲಿ ಕೂರಬಹುದಂತೆ. ಆದರೆ ಮನೆಯ ನಿಯಮ ನನಗೆ ಗೊತ್ತಿದೆ, ಕೇಳುವುದಿಲ್ಲ.

ಸಮಯಕ್ಕೆ ಸರಿಯಾಗಿ ನಿನಗೆ ತಿಳಿಸದೆ ಇದ್ದದ್ದು ನನ್ನ ತಪ್ಪು. ಬೇರೆ ಯಾರದೂ ಅಲ್ಲ. ಮುಂದಿನ ಶನಿವಾರ, ಇಪ್ಪತ್ತೆರಡಕ್ಕೆ, ಟ್ರಂಕು ತೆಗೆದುಕೊಂಡು ಬರುತ್ತೇನೆ. ಅಪ್ಪನಿಗೆ ಸವಣೂರು ಸ್ಟ್ಯಾಂಡಿಗೆ ಬರಲು ಹೇಳು. ಟ್ರಂಕು ಭಾರ ಇದೆ, ಕಾಗದಗಳು.

ನೀಲಾ


ಹತ್ತಿಮತ್ತೂರು
೨೦-೪-೧೯೮೯

ನೀಲವ್ವ,

ಈ ಪತ್ರ ನಿನ್ನ ಕೈಗೆ ಕೊಟ್ಟವನು ನಿನ್ನ ಅಪ್ಪ. ಮೊದಲು ಅವನಿಗೆ ನೀರು ಕೊಡು, ಆಮೇಲೆ ಓದು.

ಖಾದರಸಾಬರ ಪತ್ರ ನಿನ್ನ ಪತ್ರಕ್ಕಿಂತ ಮೊದಲೇ ಬಂದಿತ್ತು. ಎರಡು ದಿನ ಅದು ನನಗೆ ಅರ್ಥವಾಗಲಿಲ್ಲ. ಶಬ್ದ ಎಲ್ಲ ತಿಳಿದವು, ಅರ್ಥ ಆಗಲಿಲ್ಲ. ಪ್ಲಗ್ಗು ಕೂತ ಮೇಲೂ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ ಎಂದರೆ ಏನು? ಮೂರನೆಯ ದಿನ ಗಿರಣಿಯ ಬಾಗಿಲಲ್ಲಿ ಕೂತಿದ್ದಾಗ ಕಲ್ಲಿನ ಕಡೆ ಕಣ್ಣು ಹೋಯಿತು. ಹೊಂದದ ಕಲ್ಲೂ ಗೂಟದ ಮೇಲೆ ಕೂರುತ್ತದೆ. ತಿರುಗುತ್ತದೆ ಕೂಡ. ಹಿಟ್ಟು ಬಾಯಿಗೆ ಹಾಕಿದಾಗಲೇ ಗೊತ್ತಾಗುವುದು. ಕಲ್ಲು ಜೋಡಿಯಾಗಿ ತರಬೇಕೆಂದು ಮೂವತ್ತು ಹಳ್ಳಿಗೆ ಬುದ್ಧಿ ಹೇಳಿದವಳು ನಾನು. ನೀನು ಜೋಡಿ ನೋಡಿಯೇ ಯಾದಿ ಬರೆದಿದ್ದೆ. ಅದರಲ್ಲಿ ಒಂದನ್ನು ಕಿತ್ತು ಬೇರೆ ಬಂಡೆಯದನ್ನು ಇಟ್ಟವಳೂ ನಾನೇ. ಅಡಿವೆವ್ವ ನಕ್ಕಳು ಎಂಬ ಕಾರಣಕ್ಕೆ.

ಆದರೆ ಅದಲ್ಲ ನನ್ನನ್ನು ಕಾಡಿದ್ದು. ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ ಎಂದೆಯಂತೆ. ಯಾಕೆ ಹೇಳಿಲ್ಲ ಎಂದು ಮತ್ತೆ ಮತ್ತೆ ಯೋಚಿಸಿದೆ. ನಾನು ಕೇಳುವವಳ ಹಾಗೆ ಎಂದೂ ಕೂತಿರಲಿಲ್ಲ.

ಇನ್ನೊಂದು ವಿಷಯ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನಿನ್ನ ಅಜ್ಜನಿಗೂ ಗೊತ್ತಿರಲಿಲ್ಲ. ನಾನು ಮ್ಯಾಟ್ರಿಕ್ ತನಕ ಓದಿದವಳು ಎಂದು ಎಲ್ಲರಿಗೂ ಹೇಳುತ್ತೇನೆ. ಮದುವೆಯಾದ್ದರಿಂದ ಓದು ನಿಂತಿತು ಎಂದು ನೀವೆಲ್ಲ ತಿಳಿದಿದ್ದೀರಿ. ಹಾಗಲ್ಲ. ನಲವತ್ತನಾಲ್ಕರಲ್ಲಿ ಪರೀಕ್ಷೆಗೆ ಕೂತೆ. ಗಣಿತದಲ್ಲಿ ನಪಾಸಾದೆ. ಸವಣೂರಿನಲ್ಲಿ ಎಲೆಬಳ್ಳಿಯ ತೋಟವಿದ್ದ ನನ್ನಪ್ಪ ಎಲೆ ಎಣಿಸುತ್ತ ಕೂತಿದ್ದ. ಮತ್ತೊಂದು ಸಲ ಕೂರುತ್ತೇನೆ ಎಂದೆ. ತಲೆ ಎತ್ತದೆ, "ನಪಾಸಾದಾರಿಗೆ ಎರಡನೇ ಸಲ ಇಲ್ಲ" ಎಂದ. ಎರಡು ತಿಂಗಳಿಗೆ ಮದುವೆಯಾಯಿತು. ಅವನು ಹೇಳಿದ್ದನ್ನೇ ನಾನು ಮನೆಯ ನಿಯಮ ಮಾಡಿದೆ. ಯಾಕೆ ಮಾಡಿದೆ ಎಂದು ಈಗ ಕೇಳಿದರೆ ನನಗೆ ತಿಳಿಯುವುದಿಲ್ಲ. ನನಗೆ ಸಿಗದ್ದು ಇನ್ನೊಬ್ಬರಿಗೂ ಸಿಗದಿದ್ದರೆ ಅದು ಸರಿಯಾದದ್ದೇ ಇರಬೇಕು ಎಂದುಕೊಂಡೆನೋ ಏನೋ.

ಇದನ್ನು ನಿನಗಿಂತ ಮೊದಲು ಹೇಳಬೇಕಾದವನು ಬೇರೆ ಇದ್ದ. ನಿನ್ನ ಪತ್ರ ಬಂದ ದಿನ ಗಿರಣಿಗೆ ಹೋಗಿ, "ಹೂವಪ್ಪಾ, ಮೋಟಾರ ಬಂದ ಮಾಡು, ಒಂದ ಮಾತು ಹೇಳೂದೈತಿ" ಎಂದೆ.

"ಯಾರ ಸತ್ತಾರವ್ವ?" ಎಂದ. ಸರದಿ ಇದ್ದಾಗ ನಾನು ಗಿರಣಿ ನಿಲ್ಲಿಸಿದ್ದು ಅಂಥದ್ದಕ್ಕೆ ಮಾತ್ರ.

"ಯಾರೂ ಸತ್ತಿಲ್ಲ" ಎಂದು ಎಲ್ಲ ಹೇಳಿದೆ. ಅಡಿವೆವ್ವ ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು, ಹೋಗು ಎನ್ನಲಿಲ್ಲ. ಬಣ್ಣದ ಪರದೆಯದೂ ಹೇಳಿದೆ, ಗಣಿತದ್ದೂ ಹೇಳಿದೆ. ಅವಳು ಈ ಸಲ ನಗಲಿಲ್ಲ. ನಿನ್ನ ಅಪ್ಪ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡ.

"ನಂದೂ ಒಂದ ವಿಷಯ ಇತ್ತು" ಎಂದ. "ಕೆಮಿಸ್ಟ್ರಿ."

"ಗೊತ್ತೈತಿ" ಎಂದೆ.

"ಇದನ್ನ ಆವಾಗ ಹೇಳಬೇಕಾಗಿತ್ತವ್ವ ನೀ."

ಅವನು ಹೋಗಿ ಮೋಟಾರು ಹಚ್ಚಿದ. ಒಂದು ಚೀಲ ಬೀಸಿ ಮುಗಿಸಿ, ತಿರುಗಿ ಬಂದು, "ಆ ಪರದಿ ಒಡೆಯೂ ಸಾಮಾನೇನು?" ಎಂದ. ಹೌದು ಎಂದೆ. "ಹಂಗಾರ ಮಂದಿ ಕೈಯಾಗ ಕೊಟ್ಟು ಕಳಸೂದು ಬ್ಯಾಡ. ನಾನ ತೊಡಿ ಮ್ಯಾಲ ಇಟಗೊಂಡು ಹೋಗಿ ಕೊ‌ಟ್ಟು ಬರ್ತೇನಿ."

ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ. ಖಾದರಸಾಬರ ಅಂಗಡಿಯಲ್ಲಿ ನಾನು ಯಾವುದನ್ನೂ ಆರಿಸಲಿಲ್ಲ. "ಆಕಿ ಕಾರ್ಡಿಗೆ ಯಾವುದು ಜೋಡಿ, ಅದನ್ನ ಕೊಡ್ರಿ. ನನ್ನ ಮಾತು ಕೇಳಬ್ಯಾಡ್ರಿ" ಎಂದೆ. ಅಂಥದೇ ಕಾರ್ಡಿಗೆ ಹಚ್ಚಿ ತೋರಿಸಿದರು. ಕರಿಯ ಮೇಲೆ ಹಸಿರು. ಚುಕ್ಕೆ ಬಹಳ ಸಣ್ಣದು, ರಾಗಿಗಿಂತ ಸಣ್ಣದು. ನೀನು ಬರೆದದ್ದು ಆಗ ತಿಳಿಯಿತು. ಅವರಿಗೆ ಆಡಿದ ಮಾತಿಗೆ ಅವರ ಗಿರಾಕಿಗಳ ಎದುರೇ ತಪ್ಪಾಯಿತು ಎಂದೆ. ಚಹಾ ತರಿಸಿದರು, ಕುಡಿದೆ.

ಅಕ್ಟೋಬರ್ ಪರೀಕ್ಷೆಯ ಫೀ ಸವಣೂರು ಬ್ಯಾಂಕಿನಲ್ಲಿ ಡ್ರಾಫ್ಟ್ ತೆಗೆಸಿ ನಿನ್ನ ಕಾಲೇಜಿಗೆ ರಿಜಿಸ್ಟರ್ ಅಂಚೆಯಲ್ಲಿ ಸೋಮವಾರವೇ ಕಳಿಸಿದ್ದೇನೆ. ಪಾವತಿ ಚೀಟಿ ನಿನ್ನ ಅಪ್ಪನ ಕಿಸೆಯಲ್ಲಿದೆ, ಇಸಿದುಕೊ. ಅವನನ್ನು ಎರಡು ದಿನ ಅಲ್ಲಿ ಇರಿಸಿಕೊ. ಯಂತ್ರ ಹಚ್ಚುವಾಗ ಅವನೂ ನೋಡಲಿ. ಅವನು ತಿರುಗಿ ಬರುವ ತನಕ ಇಲ್ಲಿಯ ಸರದಿಗೆ ನಾನೇ ನಿಲ್ಲುತ್ತೇನೆ.

ಶನಿವಾರ ಬರುತ್ತೇನೆ ಎಂದು ಬರೆದಿದ್ದೀ. ಬರಬೇಡ. ನೀನು ಮಲಗುತ್ತಿದ್ದ ನಡುಮನೆಯ ಪಕ್ಕದ ಕೋಣೆಯಲ್ಲಿ ಜೋಳದ ಚೀಲ ಒಟ್ಟಿಸಿದ್ದೇನೆ, ಬಾಗಿಲ ತನಕ. ಟ್ರಂಕು ಇಡಲು ಈ ಮನೆಯಲ್ಲಿ ಅಕ್ಟೋಬರ್ ಮುಗಿಯುವವರೆಗೆ ಜಾಗ ಇಲ್ಲ.

ನಿನ್ನ ಆಯಿ,
ಶಾರವ್ವ